ಹಳಿ ಪಕ್ಕದ ಕೇಬಲ್ಲಿಗೂ ಭೂಕಂಪ ತಿಳಿಯುತ್ತದೆ

ಹಾಸನ ಜಿಲ್ಲೆಯಲ್ಲಿ ಎಲ್ಲಾದರೂ ನೆಲ ಕೊಂಚ ಅದುರಿದರೆ ಸಾಕು, ಈ ಅಂಕಣಕ್ಕೆ ಪತ್ರಗಳು ಬರತೊಡಗುತ್ತವೆ. ಬಹುಪಾಲು ಕೇಳುವುದು ಎರಡೇ ಪ್ರಶ್ನೆ: ನಮ್ಮೂರಿನ ಕೆಳಗೆ ಬಿರುಕೇನಾದರೂ ಇದೆಯೇ? ಮುಂದೆ ದೊಡ್ಡದು ಬರುತ್ತದೆಯೇ? ಈಚೆಗೆ ಇನ್ನೊಂದು ಸೇರಿಕೊಂಡಿದೆ. ಇಂಟರ್‌ನೆಟ್ಟಿಗೆಂದು ಹೂತಿರುವ ಫೈಬರ್ ಕೇಬಲ್ಲಿನಿಂದಲೇ ಭೂಕಂಪ ಪತ್ತೆ ಮಾಡುತ್ತಾರಂತೆ, ನಿಜವೇ ಎಂದು ಅರಸೀಕೆರೆಯ ಓದುಗರೊಬ್ಬರು ಕೇಳಿದ್ದಾರೆ. ನಿಜವಾದರೆ ನಮ್ಮ ಜಂಕ್ಷನ್ನಿನಿಂದ ಹೊರಡುವ ಹಳಿಗಳ ಪಕ್ಕದ ಕೇಬಲ್ಲನ್ನೂ ಆ ಕೆಲಸಕ್ಕೆ ಏಕೆ ಹಚ್ಚಬಾರದು ಎಂಬುದು ಅವರ ಮುಂದಿನ ಮಾತು. ಸುದ್ದಿ ನಿಜ. ಹಚ್ಚಬಹುದು ಮಾತ್ರವಲ್ಲ, ಹಚ್ಚಬೇಕು ಎಂಬುದು ನನ್ನ ಅಭಿಪ್ರಾಯ ಕೂಡ.

2022ರ ಜೂನ್ 23ರಿಂದ ಶುರು ಮಾಡೋಣ. ಅಂದು ನಸುಕಿನ 4.40ರ ಸುಮಾರಿಗೆ ಹೊಳೆನರಸೀಪುರ ತಾಲ್ಲೂಕಿನಲ್ಲಿ 3.4 ಪ್ರಮಾಣದ ಭೂಕಂಪವಾಯಿತು. ಅರಕಲಗೂಡು, ಕೆ.ಆರ್. ನಗರ, ಸೋಮವಾರಪೇಟೆ ಕಡೆಯ ಹಳ್ಳಿಗಳಲ್ಲೂ ಜನ ಎದ್ದು ಹೊರಗೆ ಬಂದರು. ಎರಡು ದಿನದ ನಂತರ ಘಟ್ಟದ ಆಚೆ, ಸುಳ್ಯ ಮತ್ತು ಕೊಡಗಿನ ಗಡಿಯಲ್ಲಿ, ಚೆಂಬು–ಸಂಪಾಜೆ ಭಾಗದಲ್ಲಿ ನೆಲ ನಡುಗತೊಡಗಿತು. ಜೂನ್ 28ರಂದು ಅಲ್ಲಿ ಆದದ್ದು 3.0 ಪ್ರಮಾಣದ್ದು. ನಡುಕಕ್ಕಿಂತ ಅದರ ಜತೆ ಬಂದ ಗುಡುಗಿನಂಥ ಸದ್ದೇ ಹೆಚ್ಚು ಹೆದರಿಸಿತು ಎಂದು ಆ ಭಾಗದ ಜನ ಹೇಳಿದ್ದರು. ಹೆದರಿಕೆ ಸಹಜ, ಆದರೆ ಸದ್ದಿಗೆ ಕಾರಣ ಸರಳ. ಕಂಪನದ ಮೂಲ ನೆಲಕ್ಕೆ ಹತ್ತಿರವಿದ್ದಾಗ ಮೊದಲು ಬಂದು ಮುಟ್ಟುವ ಅಲೆಯ ಒಂದಂಶ ಗಾಳಿಗೆ ದಾಟಿ ಕಿವಿಗೆ ಬೀಳುತ್ತದೆ.

ಮರುದಿನದ ಪತ್ರಿಕೆಯಲ್ಲಿ ನಮಗೆ ಸಿಕ್ಕಿದ್ದು ಮೂರೇ ಸಂಗತಿ: ಪ್ರಮಾಣ, ಕೇಂದ್ರಬಿಂದು, ಆಳ. ಆಳದ ಬಗ್ಗೆ ಒಂದು ಮಾತು ಹೇಳಲೇಬೇಕು. ಭೂಕಂಪದ ಸುದ್ದಿಗಳಲ್ಲಿ ‘ಆಳ 10 ಕಿ.ಮೀ.’ ಎಂದು ಪದೇ ಪದೇ ಓದುತ್ತೀರಿ. ಮಾಪಕಗಳು ದೂರದೂರವಿದ್ದು ಆಳ ಖಚಿತವಾಗದಿದ್ದಾಗ 10 ಕಿ.ಮೀ. ಎಂದು ಹಿಡಿದುಕೊಂಡು ಉಳಿದ ಲೆಕ್ಕ ಮುಗಿಸುವುದು ಭೂಕಂಪಶಾಸ್ತ್ರದ ರೂಢಿ. ಕೇಂದ್ರಬಿಂದುವೂ ಕೆಲವು ಕಿಲೋಮೀಟರ್ ಆಚೀಚೆ ಆಗಿರಬಹುದು. ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರವಾಗಲಿ, ಬೆಂಗಳೂರಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಲಿ ಇರುವ ಮಾಪಕಗಳಿಂದ ಆಗುವಷ್ಟನ್ನು ಶ್ರದ್ಧೆಯಿಂದಲೇ ಮಾಡುತ್ತವೆ. ಆದರೆ ಯಾವ ಬಿರುಕು, ಎಷ್ಟು ಉದ್ದ, ಯಾವ ಕಡೆಗೆ ವಾಲಿದೆ ಎಂಬ ಪ್ರಶ್ನೆಗಳಿಗೆ ಅಷ್ಟು ದೂರದಿಂದ ಉತ್ತರ ಸಿಗುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಇಷ್ಟು ವರ್ಷವೂ ಸರಿಯಾದ ಉತ್ತರ ಸಿಗದಿರುವುದು ಇದಕ್ಕೇ.

ನಮ್ಮ ಕಾಲ ಕೆಳಗಿರುವುದು ದೇಶದ ಅತಿ ಹಳೆಯ ನೆಲಗಳಲ್ಲಿ ಒಂದು. ಗೊರೂರು–ಹಾಸನ ಸುತ್ತಿನ ನೈಸ್ ಶಿಲೆಗಳಿಗೆ ಸುಮಾರು 330 ಕೋಟಿ ವರ್ಷ. ಬಾಣಾವರ–ಅರಸೀಕೆರೆಯ ಗ್ರಾನೈಟು ಅದಕ್ಕಿಂತ ಚಿಕ್ಕದು, ಆದರೂ 260 ಕೋಟಿ ವರ್ಷದ ಆಸುಪಾಸು. ಇಷ್ಟು ಕಾಲ ಬಾಳಿದ ಶಿಲೆಯಲ್ಲಿ ಬಿರುಕುಗಳಿಗೆ, ಅಂದರೆ ಸ್ತರಭಂಗಗಳಿಗೆ ಬರವಿಲ್ಲ. ಬಹುಪಾಲು ಎಂದೋ ಸತ್ತು ಬೆಸೆದುಕೊಂಡಿವೆ. ಆದರೆ ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ ಉತ್ತರಕ್ಕೆ ಸರಿಯುತ್ತಾ ಹಿಮಾಲಯಕ್ಕೆ ಒತ್ತುತ್ತಿದೆ, ಆ ಒತ್ತಡ ದಕ್ಷಿಣದ ಈ ಗಟ್ಟಿ ನೆಲದಲ್ಲೂ ಹರಡಿಕೊಂಡಿದೆ. ಹಳೆಯ ಬಿರುಕುಗಳಲ್ಲಿ ಎಲ್ಲೋ ಒಂದೆರಡು ಆಗಾಗ ಕೂದಲೆಳೆಯಷ್ಟು ಜರುಗುತ್ತವೆ. ಸಾವಿರ ಬಿರುಕುಗಳ ನಡುವೆ ಜೀವ ಉಳಿದಿರುವುದು ಯಾವುದಕ್ಕೆ ಎಂದು ತೋರಿಸಿಕೊಡಬಲ್ಲವು ಸಣ್ಣ ಕಂಪನಗಳು ಮಾತ್ರ. ಮೇಲೆ ನಿಂತು ಬಂಡೆ ನೋಡಿದರೆ ತಿಳಿಯುವುದಿಲ್ಲ.

ಸಣ್ಣವು ಮುಖ್ಯ ಎನ್ನಲು ಇನ್ನೊಂದು ಕಾರಣ ಲೆಕ್ಕದ್ದು. ಪ್ರಮಾಣ ಒಂದಂಕಿ ಇಳಿದಂತೆ ಕಂಪನಗಳ ಸಂಖ್ಯೆ ಸುಮಾರು ಹತ್ತರಷ್ಟಾಗುತ್ತದೆ ಎಂದು ಗುಟೆನ್‌ಬರ್ಗ್ ಮತ್ತು ರಿಕ್ಟರ್ 1940ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. 3ರ ಪ್ರಮಾಣದ್ದು ಒಂದು ಆಗುವ ಕಡೆ 2ರದ್ದು ಹತ್ತು, 1ರದ್ದು ನೂರು, ಸೊನ್ನೆಯದ್ದು ಸಾವಿರ. ದೊಡ್ಡದಕ್ಕಾಗಿ ಕಾದು ಕುಳಿತರೆ ಒಂದು ಜೀವಮಾನ ಸಾಲದು. ಸೊನ್ನೆ, ಒಂದರ ಪ್ರಮಾಣದವನ್ನು ಹಿಡಿಯುವಂತಿದ್ದರೆ ಅವುಗಳ ಮೂಲಬಿಂದುಗಳನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದಂತೆ ಬಿರುಕಿನ ಗೆರೆ ತಾನಾಗಿ ಮೂಡುತ್ತದೆ. ಇಂಥವು ಮನುಷ್ಯರಿಗೆ ತಿಳಿಯುವುದೇ ಇಲ್ಲ, ನೂರು ಕಿ.ಮೀ. ದೂರದ ಮಾಪಕಕ್ಕೂ ತಿಳಿಯುವುದಿಲ್ಲ.

ಕಿಲ್ಲಾರಿಯ ವಿಷಯ ನೆನಪಿಸಿದರೆ ಓದುಗರನ್ನು ಹೆದರಿಸಿದಂತಾದೀತೆಂಬ ಅಳುಕು ನನಗಿದೆ, ಆದರೂ ಹೇಳದೆ ಬಿಡಲಾರೆ. ನಮ್ಮ ಬೀದರ್, ಕಲಬುರಗಿ ಗಡಿಯಾಚೆಗಿರುವ ಲಾತೂರ್ ಜಿಲ್ಲೆಯ ಆ ಊರು 1993ರವರೆಗೆ ಭೂಕಂಪ ನಕ್ಷೆಯ ಒಂದನೇ ವಲಯದಲ್ಲಿತ್ತು. ಎಲ್ಲಕ್ಕಿಂತ ಸುರಕ್ಷಿತ ಎಂದು ಅರ್ಥ. 1992ರ ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿ ಸಣ್ಣ ಕಂಪನಗಳ ಸರಣಿ ಕಾಣಿಸಿಕೊಂಡು ನಿಂತುಹೋಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ದೊಡ್ಡದೇ ಬಂದು ಹತ್ತು ಸಾವಿರದಷ್ಟು ಜನ ಕಲ್ಲು–ಮಣ್ಣಿನ ಗೋಡೆಗಳಡಿ ಸತ್ತರು. 2002ರ ನಕ್ಷೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಲಾಯಿತು. ಆ ನಕ್ಷೆಯಲ್ಲಿ ಹಾಸನ ಜಿಲ್ಲೆಯ ಬಹುಭಾಗ ಬರುವುದು ಉಳಿದವುಗಳಲ್ಲಿ ಅತಿ ಕಡಿಮೆ ಅಪಾಯದ ಎರಡನೇ ವಲಯಕ್ಕೆ. ಸಣ್ಣ ಕಂಪನಗಳ ಸರಣಿ ಬಂದಲ್ಲೆಲ್ಲ ದೊಡ್ಡದು ಬರುತ್ತದೆ ಎಂದು ಇದರರ್ಥವಲ್ಲ. ಹೆಚ್ಚಿನ ಸರಣಿಗಳು ತಾವಾಗಿಯೇ ಅಡಗುತ್ತವೆ. ಆದರೆ ಅವು ನಡೆಯುತ್ತಿರುವಾಗ ಹತ್ತಿರದಲ್ಲಿ ಅಳೆಯುವ ವ್ಯವಸ್ಥೆ ಇರಬೇಕಿತ್ತು, ಕಿಲ್ಲಾರಿಯಲ್ಲಿ ಇರಲಿಲ್ಲ.

ಹಾಗಾದರೆ ಮಾಪಕಗಳನ್ನೇ ಹೆಚ್ಚು ಇಡಬಹುದಲ್ಲ? ಇಡಬಹುದು, ಅದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. 1965ರಲ್ಲಿ ಗೌರಿಬಿದನೂರಿನ ಬಳಿ ಇಂದಿನ ಭಾಭಾ ಅಣು ಸಂಶೋಧನಾ ಕೇಂದ್ರ ಬ್ರಿಟನ್ನಿನ ಸಹಕಾರದಿಂದ 20 ಮಾಪಕಗಳನ್ನು ಹೊಲ, ಬೆಟ್ಟಗಳ ನಡುವೆ ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ಹರಡಿತು. ದೂರದ ದೇಶಗಳು ನೆಲದಡಿ ಅಣುಬಾಂಬ್ ಸಿಡಿಸಿದರೆ ತಿಳಿಯಲಿ ಎಂಬುದು ಉದ್ದೇಶ. ಒಂದೇ ಮಾಪಕಕ್ಕೆ ಗದ್ದಲದಲ್ಲಿ ಗೊತ್ತಾಗದ ಕ್ಷೀಣ ಅಲೆಯನ್ನು, 20 ಮಾಪಕಗಳ ದಾಖಲೆಯನ್ನು ಒಂದರ ಮೇಲೊಂದು ಕೂಡಿಸಿದಾಗ ಗುರುತಿಸಬಹುದು. ಯಾವುದಕ್ಕೆ ಮೊದಲು ಮುಟ್ಟಿತು, ಯಾವುದಕ್ಕೆ ಆಮೇಲೆ ಎಂಬುದರಿಂದ ಅಲೆ ಬಂದ ದಿಕ್ಕೂ ಗೊತ್ತಾಗುತ್ತದೆ. ಸಾಲಾಗಿ ಹಲವು ಬಿಂದುಗಳಲ್ಲಿ ಅಳೆಯುವುದರ ಬಲವನ್ನು ನಮ್ಮವರು ಆರು ದಶಕದ ಹಿಂದೆಯೇ ತೋರಿಸಿದ್ದಾರೆ. ಆದರೆ ಪ್ರತಿ ಮಾಪಕಕ್ಕೂ ಜಾಗ, ವಿದ್ಯುತ್ತು, ಕಾವಲು, ದುರಸ್ತಿ ಬೇಕು. ಇಪ್ಪತ್ತರ ಬದಲು ನಾಲ್ಕು ಸಾವಿರ ಇಡುತ್ತೇವೆಂದರೆ ಯಾವ ಇಲಾಖೆಯ ಕೈಲೂ ಆಗದು.

ಫೈಬರ್ ಉಪಯೋಗಕ್ಕೆ ಬರುವುದು ಇಲ್ಲಿ. ರಸ್ತೆಬದಿ ಜೆಸಿಬಿ ಅಗೆದಾಗ ಕಪ್ಪು ಕೇಬಲ್ಲೊಂದು ತುಂಡಾಗಿ ಹೊರಬರುವುದನ್ನು ನೋಡಿರುತ್ತೀರಿ. ಅದರೊಳಗೆ ಹತ್ತಾರು ಗಾಜಿನೆಳೆಗಳಿರುತ್ತವೆ. ಒಂದೊಂದರ ದಪ್ಪ 125 ಮೈಕ್ರಾನ್, ಒಂದು ಕೂದಲಿನ ಹಾಗೆ. ಕೇಬಲ್ ಹಾಕುವವರು ಮುಂದಕ್ಕೆ ಬೇಕಾದೀತೆಂದು ಹೆಚ್ಚು ಎಳೆಗಳನ್ನೇ ಹಾಕಿರುತ್ತಾರೆ. ಬೆಳಕು ಹರಿಸದೆ ಖಾಲಿ ಬಿಟ್ಟ ಇಂಥ ಎಳೆಯನ್ನು ಆ ಕಸುಬಿನವರು ಡಾರ್ಕ್ ಫೈಬರ್ ಎನ್ನುತ್ತಾರೆ. ಅದರ ಒಂದು ತುದಿಗೆ ಪೆಟ್ಟಿಗೆಯಂಥ ಉಪಕರಣವೊಂದನ್ನು ಜೋಡಿಸಿ ಲೇಸರ್ ಬೆಳಕನ್ನು ತುಣುಕು ತುಣುಕಾಗಿ ಒಳಗೆ ಬಿಡುತ್ತಾರೆ. ಎಷ್ಟೇ ಶುದ್ಧವಾದ ಗಾಜಿನಲ್ಲೂ ಕಣ್ಣಿಗೆ ಕಾಣದ ಏರುಪೇರುಗಳಿರುತ್ತವೆ. ಬೆಳಕು ಅವಕ್ಕೆ ತಾಗಿ ಚದುರುತ್ತದೆ, ಅದರಲ್ಲಿ ಅಣುವಿನಷ್ಟು ಹಿಂದಕ್ಕೆ ಬರುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಆದ್ದರಿಂದ ಹಿಂದಿರುಗಿದ ಬೆಳಕು ಎಷ್ಟು ಹೊತ್ತಿಗೆ ಬಂತೆಂದು ನೋಡಿದರೆ ಎಳೆಯ ಯಾವ ಜಾಗದಿಂದ ಬಂತೆಂದು ಹೇಳಬಹುದು. ನೆಲ ಕಂಪಿಸಿದಾಗ ಅಲ್ಲಿನ ಎಳೆ ತುಸು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಹಿಂದಿರುಗುವ ಬೆಳಕಿನ ಅಲೆಯಲ್ಲಿ ಅದಕ್ಕೆ ತಕ್ಕ ವ್ಯತ್ಯಾಸ ಕಾಣುತ್ತದೆ. 10 ಮೀಟರ್ ಉದ್ದದ ಎಳೆ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗ ಹಿಗ್ಗಿದರೂ ಈ ಉಪಕರಣಕ್ಕೆ ತಿಳಿಯುತ್ತದೆ.

ಇಲ್ಲಿ ಚದುರುವುದು ಲಾರ್ಡ್ ರ‍್ಯಾಲೆ ವಿವರಿಸಿದ ಬಗೆಯ ಬೆಳಕು, ಬಣ್ಣ ಬದಲಾಗದೆ ಹಿಂದಿರುಗುವಂಥದ್ದು. ಅದೇ ಗಾಜಿನಿಂದ ಬಣ್ಣ ಬದಲಿಸಿಕೊಂಡು ಬರುವ ಇನ್ನೂ ಕ್ಷೀಣವಾದ ಬೆಳಕೂ ಇದೆ. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ರಾಮನ್ ಪರಿಣಾಮ ಅದೇ. ಅದನ್ನು ಅಳೆದರೆ ಎಳೆಯುದ್ದಕ್ಕೂ ಎಲ್ಲಿ ಎಷ್ಟು ಬಿಸಿ ಎಂದು ತಿಳಿಯುತ್ತದೆ. ಅಣೆಕಟ್ಟಿನ ಮೈಯಲ್ಲಿ ನೀರು ಜಿನುಗುವ ಜಾಗ ಪತ್ತೆಗೂ ಇದು ಬಳಕೆಯಲ್ಲಿದೆ. ರಾಮನ್ ಬೆಂಗಳೂರಿನಲ್ಲಿ ನೆಲೆಸಿ ಬದುಕಿದ ನಾಡಿನಲ್ಲಿ ಇದನ್ನು ಹೇಳುವುದಕ್ಕೆ ನನಗೆ ವಿಶೇಷ ಖುಷಿ.

ಬೇಲೂರಿನ ತೇರು ನೋಡಿದವರಿಗೆ ಉಳಿದದ್ದನ್ನು ವಿವರಿಸುವುದು ಸುಲಭ. ಉದ್ದದ ಹಗ್ಗಕ್ಕೆ ನೂರಾರು ಕೈ ಹಚ್ಚಿರುತ್ತಾರೆ. ಗಾಲಿ ಕಲ್ಲಿಗೆ ತಗುಲಿ ತೇರು ಜಗ್ಗಿದಾಗ ತೇರಿಗೆ ಹತ್ತಿರವಿದ್ದವರ ಕೈಗೆ ಆ ಜಗ್ಗು ಮೊದಲು ಬರುತ್ತದೆ, ಮುಂದಿನವರಿಗೆ ಒಂದು ಗಳಿಗೆ ತಡವಾಗಿ. ಪ್ರತಿಯೊಬ್ಬರೂ ತಮ್ಮ ಕೈಗೆ ಜಗ್ಗು ಬಂದ ಹೊತ್ತನ್ನು ಬರೆದಿಟ್ಟರೆ, ತೇರನ್ನು ನೋಡದವರೂ ಅದು ಎಲ್ಲಿದೆ, ಎಷ್ಟು ಬಲವಾಗಿ ಜಗ್ಗಿತು ಎಂದು ಲೆಕ್ಕ ಹಾಕಬಹುದು. ಫೈಬರಿನಲ್ಲಿ ಕೈಗಳ ಬದಲು ಪ್ರತಿ 10 ಮೀಟರಿಗೊಂದು ಅಳತೆಯ ಬಿಂದು. ಅರಸೀಕೆರೆಯಿಂದ ಹಾಸನದವರೆಗಿನ ಸುಮಾರು 45 ಕಿ.ಮೀ. ಹಳಿಯುದ್ದಕ್ಕೆ ಒಂದು ಎಳೆ ಸಿಕ್ಕರೆ ಬಿಂದುಗಳು ನಾಲ್ಕೂವರೆ ಸಾವಿರ. ಬೆಳಕು ಆ ತುದಿಗೆ ಹೋಗಿ ಬರಲು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಕೂಡ ಬೇಡ.

ಹೊರಗೆ ಇದು ಸಾಬೀತಾಗಿ ವರ್ಷಗಳೇ ಆದವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಿಯೊಂಡೊ ಬಿಯೊಂಡಿ ಅವರ ತಂಡ 2016ರಿಂದ ಕ್ಯಾಂಪಸ್ಸಿನ ಕೊಳವೆಗಳಲ್ಲಿ ಸುಮ್ಮನೆ ಮಲಗಿದ್ದ ಮಾಮೂಲಿ ಫೈಬರಿನಿಂದಲೇ ಒಂದು ವರ್ಷದಲ್ಲಿ 800ಕ್ಕೂ ಹೆಚ್ಚು ಘಟನೆಗಳನ್ನು ದಾಖಲಿಸಿತು. ಸಿಮೆಂಟಿನಲ್ಲಿ ಬಿಗಿಯಾಗಿ ಹೂಳದಿದ್ದರೂ ಕೆಲಸ ನಡೆಯುತ್ತದೆ ಎಂದು ಅದರಿಂದ ಗೊತ್ತಾಯಿತು. ಐಸ್‌ಲ್ಯಾಂಡಿನ ರೇಕ್ಯಾನೆಸ್‌ನಲ್ಲಿ 15 ಕಿ.ಮೀ. ಉದ್ದದ ದೂರಸಂಪರ್ಕ ಕೇಬಲ್ ಅದುವರೆಗೆ ಗೊತ್ತಿಲ್ಲದ ಸ್ತರಭಂಗವನ್ನು ತೋರಿಸಿತು. ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯ ತಳದಲ್ಲಿದ್ದ 20 ಕಿ.ಮೀ. ಕೇಬಲ್ಲನ್ನು 2018ರಲ್ಲಿ ನಾಲ್ಕೇ ದಿನ ಬಳಸಿದಾಗ ಅಲ್ಲಿಯೂ ನಕ್ಷೆಯಲ್ಲಿರದ ಬಿರುಕುಗಳು ಕಂಡವು. ಆ ನಾಲ್ಕು ದಿನದಲ್ಲಿ ಅದು 45 ಕಿ.ಮೀ. ದೂರದ ಗಿಲ್‌ರಾಯ್‌ನ ಭೂಕಂಪವೊಂದನ್ನೂ ಸ್ಪಷ್ಟವಾಗಿ ಹಿಡಿಯಿತು. ಅದರ ಪ್ರಮಾಣ 3.4, ನಮ್ಮ ಹೊಳೆನರಸೀಪುರದ್ದರಷ್ಟೇ. 2019ರ ಜುಲೈಯಲ್ಲಿ ಕ್ಯಾಲಿಫೋರ್ನಿಯದ ರಿಜ್‌ಕ್ರೆಸ್ಟ್‌ನಲ್ಲಿ 7.1 ಪ್ರಮಾಣದ ಭೂಕಂಪವಾದಾಗ ಕ್ಯಾಲ್‌ಟೆಕ್‌ನ ಜೋಂಗ್ವೆನ್ ಜಾನ್ ಕೆಲವೇ ದಿನಗಳಲ್ಲಿ ಖಾಲಿ ಎಳೆಗಳಿಗೆ ಉಪಕರಣ ಜೋಡಿಸಿ ನಂತರದ ಕಂಪನಗಳನ್ನು ಬೆನ್ನುಹತ್ತಿದರು. ಅವರ ತಂಡವೇ 2021ರ ಜುಲೈ 8ರ 6.0 ಪ್ರಮಾಣದ ಭೂಕಂಪವನ್ನು ಸುಮಾರು 100 ಕಿ.ಮೀ. ಎಳೆಯಲ್ಲಿ ದಾಖಲಿಸಿ, ಬಿರುಕು ಒಂದೇ ಏಟಿಗೆ ಸೀಳದೆ ನಾಲ್ಕು ಕಡೆ ತಡೆತಡೆದು ಸೀಳಿತೆಂದು ತೋರಿಸಿತು. ಮಾಪಕ ಹೊತ್ತು ಹೋಗಿ ನೆಲ ಅಗೆಯಬೇಕಾದ ಕಡೆ ಫೈಬರ್ ಮೊದಲೇ ಕಾದಿರುತ್ತದೆ ಎಂಬುದು ಇದರ ದೊಡ್ಡ ಅನುಕೂಲ.

ಅರಸೀಕೆರೆಯೇ ಏಕೆ ಎಂದರೆ, ಅಲ್ಲಿನ ಹಳಿಗಳ ಆಕಾರಕ್ಕಾಗಿ. ಗಾಜಿನೆಳೆಗೆ ಒಂದು ಮಿತಿಯಿದೆ: ತನ್ನ ಉದ್ದಕ್ಕೆ ಆಗುವ ಎಳೆತವಷ್ಟೇ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಅಡ್ಡಲಾಗಿ ಬಂದು ತಾಗುವ ಮೊದಲ ಅಲೆ ಬಹಳ ಮಟ್ಟಿಗೆ ತಪ್ಪಿಹೋಗುತ್ತದೆ. ಆದ್ದರಿಂದ ಬೇರೆ ಬೇರೆ ದಿಕ್ಕಿಗೆ ಹೊರಟ ಎಳೆಗಳು ಬೇಕು. ಅರಸೀಕೆರೆಯಿಂದ ಒಂದು ಹಳಿ ತಿಪಟೂರು, ತುಮಕೂರಿನ ಕಡೆಗೆ ಆಗ್ನೇಯಕ್ಕೆ ಹೋಗುತ್ತದೆ, ಇನ್ನೊಂದು ಕಡೂರು, ಬೀರೂರಿನ ಕಡೆಗೆ ವಾಯವ್ಯಕ್ಕೆ, ಮೂರನೆಯದು ಹಾಸನಕ್ಕೆ. ಹಾಸನದಲ್ಲಿ ಅದು ಕವಲೊಡೆದು ಒಂದು ಹೊಳೆನರಸೀಪುರದ ಮೂಲಕ ಮೈಸೂರಿಗೆ, ಇನ್ನೊಂದು ಸಕಲೇಶಪುರದ ಮೂಲಕ ಸುಬ್ರಹ್ಮಣ್ಯ ಘಟ್ಟಕ್ಕೆ ಇಳಿಯುತ್ತದೆ. ಅಂದರೆ 2022ರ ಜೂನಿನಲ್ಲಿ ನಡುಗಿದ ತಾಲ್ಲೂಕಿನೊಳಗೇ ಒಂದು ಹಳಿಯಿದೆ, ಸುಳ್ಯದ ಕಡೆಯ ಘಟ್ಟಕ್ಕೆ ಇನ್ನೊಂದು. ಗೌರಿಬಿದನೂರಿನಲ್ಲಿ ಯೋಚಿಸಿ ಹಾಕಿದ ಆಕಾರಕ್ಕಿಂತ ಹೆಚ್ಚು ಕವಲುಗಳ ಜಾಲ ಇಲ್ಲಿ ರೈಲಿನ ಕಾರಣಕ್ಕೆ ಸಿದ್ಧವಾಗಿ ಕೂತಿದೆ. ಹಳಿಬದಿಯ ಫೈಬರನ್ನು ನೋಡಿಕೊಳ್ಳಲೆಂದೇ ರೈಲ್ವೆಯು 2000ದಲ್ಲಿ ರೈಲ್‌ಟೆಲ್ ಸಂಸ್ಥೆಯನ್ನು ಕಟ್ಟಿತು. ನಕ್ಷೆ ಹಿಡಿದು ನೋಡಿದಾಗಲೆಲ್ಲ ಇದು ಹಾಗೇ ಬಿಟ್ಟುಬಿಡುವ ವಿಷಯವಲ್ಲ ಎನಿಸುತ್ತದೆ.

ರೈಲಿನ ಗದ್ದಲದಲ್ಲಿ ಭೂಕಂಪ ಕೇಳಿಸುತ್ತದೆಯೇ ಎಂದು ಕೇಳುವಿರಿ. ಅರಸೀಕೆರೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ಗೂಡ್ಸ್ ಗಾಡಿ ಹೋಗುವಾಗ ಅಂಗಾಲಿಗೆ ತಾಗುವ ನಡುಕ ನನಗೂ ಪರಿಚಿತ. ಆದರೆ ರೈಲಿನ ಕಂಪನ ಹಳಿಯ ಮೇಲೆ ರೈಲಿನ ವೇಗದಲ್ಲಿ ಸಾಗುತ್ತದೆ, ಭೂಕಂಪದ ಅಲೆ ಗ್ರಾನೈಟಿನಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಇಡೀ ಎಳೆಯನ್ನು ದಾಟುತ್ತದೆ. ಸಾವಿರಾರು ಬಿಂದುಗಳ ದಾಖಲೆಯನ್ನು ಒಟ್ಟಿಗೆ ನೋಡಿದಾಗ ಎರಡೂ ಬೇರೆ ಬೇರೆ ಗೆರೆಗಳಾಗಿ ಕಾಣುತ್ತವೆ. ರಾತ್ರಿ ಎರಡು ರೈಲುಗಳ ನಡುವಿನ ಬಿಡುವು ಇದ್ದೇ ಇದೆ. ನಿಜವಾದ ತೊಡಕು ಬೇರೆಡೆ ಇದೆ. ಗ್ರಾಮ ಪಂಚಾಯಿತಿಗಳಿಗೆ ಇಂಟರ್‌ನೆಟ್ ಕೊಡುವ ಕೇಬಲ್ ಎಷ್ಟೋ ಕಡೆ ವಿದ್ಯುತ್ ಕಂಬದ ಮೇಲೆ ತೂಗಾಡುತ್ತದೆ. ಗಾಳಿಗೆ ಕುಣಿಯುವ ಅಂಥ ಎಳೆ ಇದಕ್ಕೆ ಬಾರದು, ಮಣ್ಣಲ್ಲಿ ಹೂತದ್ದೇ ಆಗಬೇಕು. ಎಳೆಯ ಯಾವ ಬಿಂದು ನೆಲದ ಮೇಲೆ ಎಲ್ಲಿದೆ ಎಂದು ತಿಳಿಯಲು ಹಳಿಯುದ್ದಕ್ಕೂ ನಡೆದು ಅಲ್ಲಲ್ಲಿ ಸುತ್ತಿಗೆಯಿಂದ ನೆಲ ಬಡಿದು ಗುರುತು ಹಾಕಿಕೊಳ್ಳಬೇಕು. 45 ಕಿ.ಮೀ. ಎಳೆಯನ್ನು ಸೆಕೆಂಡಿಗೆ 500 ಸಲ ಓದಿದರೆ ದಿನಕ್ಕೆ ಮುಕ್ಕಾಲು ಟೆರಾಬೈಟ್ ಮಾಹಿತಿ ಬಂದು ಬೀಳುತ್ತದೆ. ಅದನ್ನು ಜರಡಿ ಹಿಡಿಯಲು ಕಂಪ್ಯೂಟರೂ ಬೇಕು, ಓದಿದ ಹುಡುಗ ಹುಡುಗಿಯರೂ ಬೇಕು. ಉಪಕರಣವೂ ದುಬಾರಿ.

ಖಾಸಗಿತನದ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇದೇ ಎಳೆಗೆ ಹೆಜ್ಜೆ ಸಪ್ಪಳ, ಗಾಡಿಯ ಓಡಾಟ, ಅಗೆತ ಎಲ್ಲವೂ ತಿಳಿಯುತ್ತವೆ. ನಮ್ಮ ದೇಶದ ತೈಲ ಕಂಪನಿಗಳು ಪೈಪ್‌ಲೈನ್ ಪಕ್ಕದ ಫೈಬರಿನಿಂದ ಕಳ್ಳರ ಅಗೆತವನ್ನು ಪತ್ತೆ ಮಾಡುವುದು ಹೀಗೆಯೇ. ತಂತ್ರ ಭಾರತಕ್ಕೆ ಹೊಸದಲ್ಲ. ಆದ್ದರಿಂದ ಎಳೆಯನ್ನು ಯಾರು ಓದುತ್ತಾರೆ, ಯಾವ ಭಾಗವನ್ನು ಅಳಿಸುತ್ತಾರೆ, ಯಾವುದನ್ನು ಪ್ರಕಟಿಸುತ್ತಾರೆ ಎಂಬುದು ಮೊದಲೇ ಬರವಣಿಗೆಯಲ್ಲಿ ಇರಬೇಕು.

ಬೇಲೂರು, ಹಳೇಬೀಡಿಗೆ ಇದರಿಂದ ಬೇರೆಯದೇ ಪ್ರಯೋಜನವಿದೆ. 1117ರ ಚೆನ್ನಕೇಶವ ಗುಡಿ, ಅದರ ನಂತರದ ಹೊಯ್ಸಳೇಶ್ವರ, 1220ರ ಅರಸೀಕೆರೆಯ ಶಿವಾಲಯ ಎಲ್ಲವೂ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದವು. ಬೇಲೂರಿನ ಅಂಗಳದಲ್ಲಿ ತನ್ನ ಭಾರದಿಂದಲೇ ನಿಂತ 42 ಅಡಿಯ ಕಲ್ಲುಕಂಬವಂತೂ ಎಲ್ಲರಿಗೂ ಗೊತ್ತು. ಅಮೆರಿಕದ ಮರುಭೂಮಿಯಲ್ಲಿ ಬಂಡೆಯ ಮೇಲೆ ಆಯತಪ್ಪಿ ಕೂತಂತಿರುವ ಬಂಡೆಗಳನ್ನು ನೋಡಿ, ಇಷ್ಟು ಸಾವಿರ ವರ್ಷ ಇಲ್ಲಿ ಜೋರಾದ ಭೂಕಂಪ ಆಗಿಲ್ಲವೆಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಆ ದೃಷ್ಟಿಯಲ್ಲಿ ನಮ್ಮ ಕಂಬವೂ ಶತಮಾನಗಳ ಒಂದು ದಾಖಲೆ, ಸಮಾಧಾನ ಕೊಡುವ ದಾಖಲೆ. ಗುಡಿಗಳಿಗೆ ಇಂದು ಹತ್ತಿರದ ಬಾಧೆ ಎಂದರೆ ರಸ್ತೆಯ ಲಾರಿ, ಬಸ್ಸುಗಳ ನಡುಕ, ಅಡಿಪಾಯದ ಮಣ್ಣಲ್ಲಿ ಕೆರೆಯ ನೀರು ಏರಿಳಿಯುವುದು. ವಾಹನಗಳ ಆ ಗದ್ದಲವನ್ನೇ ರಸ್ತೆಬದಿಯ ಫೈಬರಿನಲ್ಲಿ ದಾಖಲಿಸಿ, ಅಲೆ ಎಲ್ಲಿ ನಿಧಾನವಾಗುತ್ತದೆ ಎಂದು ನೋಡಿದರೆ ನೆಲದಡಿ ಹತ್ತಾರು ಮೀಟರ್ ಆಳದವರೆಗೆ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ತಿಳಿಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಗುಡಿಯ ಸುತ್ತ ಒಂದೂ ಗುಂಡಿ ತೋಡದೆ ಇದನ್ನು ಮಾಡಬಹುದು.

ನನ್ನ ಕೋರಿಕೆ ದೊಡ್ಡದಲ್ಲ. ಅರಸೀಕೆರೆ–ಹಾಸನ–ಹೊಳೆನರಸೀಪುರ ಹಳಿಯ ಒಂದು ಖಾಲಿ ಎಳೆಯನ್ನು ಒಂದು ವರ್ಷದ ಮಟ್ಟಿಗೆ ರೈಲ್ವೆ ಬಿಟ್ಟುಕೊಡಲಿ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ನಮ್ಮ ವಿಕೋಪ ಉಸ್ತುವಾರಿ ಕೇಂದ್ರ, ಬೆಂಗಳೂರಿನ ವಿಜ್ಞಾನ ಸಂಸ್ಥೆ ಸೇರಿ ಅದನ್ನು ಓದಲಿ. ಒಂದು ಮಳೆಗಾಲ ಅದರೊಳಗೆ ಬರಬೇಕು, ಏಕೆಂದರೆ ಮಳೆನೀರು ಬಿರುಕಿಗಿಳಿದಾಗ ಸಣ್ಣ ಕಂಪನಗಳು ಹೆಚ್ಚುವುದುಂಟು. ಗೊರೂರಿನ ಹೇಮಾವತಿ ಜಲಾಶಯ ತುಂಬಿ ಇಳಿಯುವುದರ ಜತೆಗೂ ದಾಖಲೆಯನ್ನು ಹೋಲಿಸಿ ನೋಡಬಹುದು. ನಿಮ್ಮ ಎರಡನೇ ಪ್ರಶ್ನೆಗೆ, ದೊಡ್ಡದು ಯಾವಾಗ ಎಂಬುದಕ್ಕೆ, ಈ ಎಳೆಯೂ ಉತ್ತರ ಕೊಡಲಾರದು. ಭೂಕಂಪದ ದಿನ, ಹೊತ್ತು ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಮೊದಲ ಪ್ರಶ್ನೆಗೆ ಮಾತ್ರ ನಕ್ಷೆ ಸಮೇತ ಉತ್ತರ ಸಿಗುವ ಸಾಧ್ಯತೆ ಇದೆ.

ಅದು ಆಗುವವರೆಗೆ ನೆಲ ಅದುರಿದಾಗ ನೀವೇ ಮಾಡಬಹುದಾದ ಒಂದು ಕೆಲಸವಿದೆ. ಮೊದಲು ಗೋಡೆ, ಸೂರಿನಿಂದ ದೂರವಾಗಿ. ಆಮೇಲೆ ಗಡಿಯಾರ ನೋಡಿ ಹೊತ್ತು ಬರೆದಿಡಿ. ಮೊದಲು ಒಂದು ಧಡಕ್ಕೆಂಬ ಸದ್ದು ಅಥವಾ ಕುಟ್ಟು, ಅದರ ಬೆನ್ನಿಗೆ ಜೋರು ಅಲುಗಾಟ ಹೀಗೆ ಎರಡು ಸಲ ಅನುಭವಕ್ಕೆ ಬಂದರೆ ನಡುವಿನ ಅಂತರ ಎಷ್ಟು ಸೆಕೆಂಡು ಎಂದು ನೆನಪಿಟ್ಟುಕೊಳ್ಳಿ. ಆ ಸಂಖ್ಯೆಯನ್ನು ಎಂಟರಿಂದ ಗುಣಿಸಿದರೆ ಮೂಲ ನಿಮ್ಮಿಂದ ಎಷ್ಟು ಕಿ.ಮೀ. ದೂರವೆಂಬ ಅಂದಾಜು ಸಿಗುತ್ತದೆ: ಎರಡು ಸೆಕೆಂಡಾದರೆ 16 ಕಿ.ಮೀ. ಬೇಲೂರಿನಿಂದೊಬ್ಬರು, ಹಳೇಬೀಡಿನಿಂದೊಬ್ಬರು, ಅರಸೀಕೆರೆಯಿಂದೊಬ್ಬರು ಹೀಗೆ ಬರೆದು ತಹಶೀಲ್ದಾರ್ ಕಚೇರಿಗೆ ಕೊಡಲಿ, ಈ ಅಂಕಣಕ್ಕೂ ಒಂದು ಪತ್ರ ಬರಲಿ. ಮೂರು ದೂರಗಳು ಸಿಕ್ಕರೆ ನಕ್ಷೆಯ ಮೇಲೆ ಕೈವಾರ ಇಟ್ಟು ಮೂರು ವೃತ್ತ ಎಳೆಯಬಹುದು, ಅವು ಕೂಡುವ ಜಾಗದ ಆಸುಪಾಸಿನಲ್ಲೇ ನೆಲ ಜರುಗಿರುತ್ತದೆ.